ಓಗೊಟ್ಟವಳ ಹೆಸರು

ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದರೂ ಉಷಾಲತಾಳನ್ನು ಉಷಾಲತಾ ಎಂದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಮಾಹೂಝಿನ ಫ್ಲ್ಯಾಟಿನ ಅಕ್ಕಪಕ್ಕದವರಿಗೆ ಅವಳು ಅನ್ವಿತಾಳ ಮಮ್ಮಿ. ಊರಿನವರ ಸಂಘದ ಗಣೇಶೋತ್ಸವಕ್ಕೆ ಹೋದರೆ ಪ್ರೇಮಣ್ಣನ ಮಿಸೆಸ್. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮಲಯಾಳಿಗೆ ಚೇಚಿ, ಕಟ್ಟಡದ ವಾಚ್‌ಮನ್ನಿಗೆ ಮೇಡಂ. ಗಂಡ ಪ್ರೇಮನಾಥರಂತೂ ಮದುವೆಯಾದಂದಿನಿಂದ ‘ಮಾರಾಯ್ತಿ’ ಎಂಬ ಒಂದೇ ಶಬ್ದದಲ್ಲಿ ಸಂಸಾರ ಸಾಗಿಸಿದವರು. ಪ್ರೀತಿ ಉಕ್ಕಿದರೆ ಅದನ್ನೇ ಸ್ವಲ್ಪ ಎಳೆಯುತ್ತಿದ್ದರು, ಸಿಟ್ಟು ಬಂದರೆ ತುಂಡು ಮಾಡುತ್ತಿದ್ದರು. ಅವಳ ಪೂರ್ತಿ ಹೆಸರು ಇದ್ದದ್ದು ಸಿಪಿಆರ್ ಎಂಬ ಇಲ್ಲಿನ ಗುರುತಿನ ಕಾರ್ಡಿನ ಮೇಲೆ ಮಾತ್ರ. ಅದು ಪರ್ಸಿನೊಳಗೆ ಭದ್ರವಾಗಿತ್ತು.

ಹಾಗೆಂದು ಅವಳೇನು ಕಡಿಮೆಯವಳಲ್ಲ. ಗಂಡನ ಹೆಸರಾಗಲಿ, ತನಗಿಂತ ಹಿರಿಯರ ಹೆಸರಾಗಲಿ ಅವಳ ಬಾಯಿಂದ ಹೊರಟ ದಾಖಲೆಯಿಲ್ಲ. ಬಂದ ಹೊಸತರಲ್ಲಿ ಆ ಕಾರ್ಡು ಮಾಡಿಸುವ ಕಚೇರಿಯಲ್ಲಿ ಗುಮಾಸ್ತೆ ಗಂಡನ ಹೆಸರೇನೆಂದು ಮೂರು ಸಲ ಕೇಳಿದಾಗ ಇವಳು ಮೂರು ಸಲವೂ ಹಿಂದೆ ನಿಂತ ಗಂಡನ ಮುಖ ನೋಡಿದ್ದಳು. ಕೊನೆಗೆ ಕಾಗದದ ಮೇಲೆ ಬೆರಳಿಟ್ಟು ತೋರಿಸಿದ್ದಳು. ‘ನನ್ನ ಹೆಂಡತಿಗೆ ನನ್ನ ಹೆಸರೇ ಗೊತ್ತಿರ್ಲಿಲ್ಲ ಮಾರಾಯ’ ಎಂದು ಪ್ರೇಮನಾಥರು ಸ್ನೇಹಿತರ ನಡುವೆ ಈಗಲೂ ಈ ಕತೆಯನ್ನು ಹೇಳಿ ನಗಿಸುವುದುಂಟು.

ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಾಪುವಿನಲ್ಲಿದ್ದ ಅಮ್ಮ ಒಬ್ಬರೇ. ಅಮ್ಮ ಯಾವಾಗಲೂ ಎರಡು ಸಲ ಕರೆಯುತ್ತಿದ್ದರು, ‘ಉಷಾ, ಉಷಾ.’ ಮೊದಲನೆಯದು ಆಚೆಮನೆಗೂ ಕೇಳುವಷ್ಟು ಜೋರು. ಎರಡನೆಯದು ಮಗಳು ಆಗಲೇ ಪಕ್ಕಕ್ಕೆ ಬಂದು ನಿಂತಿದ್ದಾಳೆ ಎಂಬಂತೆ ಮೆಲ್ಲಗೆ. ಅದಕ್ಕೆ ‘ಓ’ ಎಂದು ಉತ್ತರ ಬರುವವರೆಗೆ ಮುಂದಿನ ಮಾತಿಲ್ಲ. ಮಗಳು ಕಡಲಾಚೆಗೆ ಹೋದ ಮೇಲೂ ಇದು ತಪ್ಪಲಿಲ್ಲ. ಶುಕ್ರವಾರ ಬೆಳಿಗ್ಗೆ ಫೋನು ಹಚ್ಚಿದರೆ ಮೊದಲು ‘ಉಷಾ, ಉಷಾ’, ಇತ್ತ ಕಡೆಯಿಂದ ‘ಓ’, ಆಮೇಲೆ ಮೀನಿನ ದರ.

ಮೂರು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆಯಿತು. ಉಷಾಲತಾ ಓಡಿಹೋಗಿ ಹದಿನೈದು ದಿನ ಇದ್ದು ಬಂದಳು. ಮಗಳು ಅನ್ವಿತಾಳ ಹತ್ತನೇ ತರಗತಿಯ ಪರೀಕ್ಷೆ ತಲೆಯ ಮೇಲಿತ್ತು, ಬರಲೇಬೇಕಾಯಿತು. ಅವಳು ಹೊರಟ ಮೇಲೆ ಅಣ್ಣ ಯಶವಂತ ಉಡುಪಿಯ ಏಜೆನ್ಸಿಯಿಂದ ಒಬ್ಬ ಹೋಮ್ ನರ್ಸನ್ನು ಗೊತ್ತು ಮಾಡಿದ. ಅಣ್ಣನೂ ಅತ್ತಿಗೆ ಹಂಸಾಳೂ ಅಮ್ಮನನ್ನು ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮ್ಮನ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಆ ಹೆಂಗಸಿನ ಪಾಲಿಗೆ ಬಂತು. ಅವಳ ಮುಖವನ್ನು ಉಷಾಲತಾ ಕಂಡವಳಲ್ಲ. ವಿಡಿಯೋ ಕಾಲಿನಲ್ಲಿ ಆಗಾಗ ಒಂದು ಕೈ ಮಾತ್ರ ಬರುತ್ತಿತ್ತು. ಆ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

ಒಂದು ಶುಕ್ರವಾರ ಹೀಗಾಯಿತು. ಅತ್ತಿಗೆ ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದಿದ್ದಳು. ಅಮ್ಮ ಪರದೆಯಲ್ಲಿ ನಗುತ್ತಿದ್ದ ಮಗಳನ್ನು ದಿಟ್ಟಿಸಿ ನೋಡಿ, ಯಾರೋ ಏನೋ ಎಂಬಂತೆ ಮುಖ ತಿರುಗಿಸಿದರು. ಆಮೇಲೆ ಬಾಗಿಲ ಕಡೆ ನೋಡಿ ‘ಉಷಾ, ಉಷಾ’ ಎಂದರು. ಉಷಾಲತಾ ಇಲ್ಲಿಂದ ‘ಓ ಅಮ್ಮಾ’ ಎಂದಳು. ಅಮ್ಮನಿಗೆ ಅದು ಕೇಳಿಸಲೇ ಇಲ್ಲ. ಬಾಗಿಲ ಕಡೆಯಿಂದ ಇನ್ನೊಂದು ದನಿ ‘ಓ, ಬಂದೆ’ ಎಂದಿತು. ಹಸಿರು ಬಳೆಯ ಕೈ ಬಂದು ಅಮ್ಮನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿತು. ಅಮ್ಮನ ಮುಖ ಅರಳಿತು.

ಉಷಾಲತಾಳಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ಅದು ಹೊಟ್ಟೆಕಿಚ್ಚಲ್ಲದೆ ಬೇರೇನಲ್ಲ. ಆ ಕ್ಷಣದಲ್ಲಿ ಅವಳಿಗೆ ಹಾಗನ್ನಿಸಲಿಲ್ಲ, ತನ್ನ ಹಕ್ಕನ್ನು ಯಾರೋ ಕದ್ದಂತೆ ಅನ್ನಿಸಿತು. ಮಧ್ಯಾಹ್ನವೇ ಅಣ್ಣನಿಗೆ ಫೋನು ಮಾಡಿದಳು. ‘ಅಣ್ಣ, ಆ ಹೆಂಗಸಿಗೆ ಹೇಳು. ನನ್ನ ಹೆಸರಿಗೆ ಅವಳು ಓ ಅನ್ನುದು ಬೇಡ. ಅಮ್ಮನ ಮಗಳು ನಾನು. ಇನ್ನು ಓ ಅಂದ್ರೆ ಅವಳನ್ನು ಕಳಿಸಿಬಿಡು.’ ಅಣ್ಣ ‘ಆಯ್ತು, ಹೇಳ್ತೇನೆ’ ಎಂದ. ಅವನು ಮಾತಿನಂತೆ ನಡೆಯುವವನು. ಹೇಳಿಯೇ ಇರುತ್ತಾನೆ.

ಅದಾಗಿ ಹನ್ನೊಂದನೆಯ ದಿನ ಅಮ್ಮ ತೀರಿಕೊಂಡರು. ನಡುವೆ ಎರಡು ಸಲ ಫೋನು ಮಾಡಿದಾಗಲೂ ಅಮ್ಮ ನಿದ್ದೆಯಲ್ಲಿದ್ದರು. ಅಂದು ಮಂಗಳೂರಿಗೆ ವಿಮಾನ ಸಿಗದೆ ಉಷಾಲತಾ ಮುಂಬೈ ಸುತ್ತಿ ಕಾಪು ತಲುಪುವಾಗ ಎಲ್ಲ ಮುಗಿದಿತ್ತು. ಹೋಮ್ ನರ್ಸ್ ಆಗಲೇ ಚೀಲ ಕಟ್ಟಿಕೊಂಡು ಹೋಗಿದ್ದಳು. ಮಂಚದ ಪಕ್ಕದ ಕಿಟಕಿಯಲ್ಲಿ ಗಂಜಿಯ ಲೋಟ ತೊಳೆದು ಬೋರಲು ಹಾಕಿಟ್ಟಿತ್ತು.

ಅಂದಿನಿಂದ ಅವಳನ್ನು ಒಂದೇ ಪ್ರಶ್ನೆ ತಿನ್ನತೊಡಗಿತು. ಆ ಹನ್ನೊಂದು ದಿನ ಅಮ್ಮ ಕರೆದರೇ? ಕರೆದಾಗ ಯಾರಾದರೂ ಓ ಎಂದರೇ? ಅತ್ತಿಗೆಯನ್ನು ಕೇಳಿದರೆ ತಿಳಿಯುವ ವಿಷಯ. ಆದರೆ ಕೇಳಿದರೆ ಹೇಳಿಬಿಡುತ್ತಾಳಲ್ಲ ಎಂಬ ಭಯ. ಎರಡೂವರೆ ವರ್ಷ ಅವಳು ಕೇಳಲಿಲ್ಲ. ಪಾತ್ರೆ ತೊಳೆಯುವಾಗ, ಮೆಟ್ಟಿಲಿಳಿಯುವಾಗ, ಸುಮ್ಮನೆ ಕುಳಿತಾಗ ಅಮ್ಮನ ದನಿ ಒಂದು ಸಲ ಕೇಳಲಿ ಎಂದು ಮನಸ್ಸು ಹಾತೊರೆಯುತ್ತಿತ್ತು. ಕೇಳಿದರೆ ಏನು ಮಾಡುವುದು ಎಂದು ಹೆದರುತ್ತಲೂ ಇತ್ತು.

ಪಕ್ಕದ ಅದ್ಲಿಯಾದಲ್ಲಿ ಕೇಕು ತರಲು ಹೋದ ಒಂದು ದಿನ, ಹೂವಿನ ಅಂಗಡಿಯ ಮೇಲಂತಸ್ತಿನಲ್ಲಿ ಅವಳಿಗೆ ಒಂದು ಬೋರ್ಡು ಕಂಡಿತು. ಹೆಲ್ತ್ ಕೇರ್ ಅಸಿಸ್ಟೆಂಟ್ ತರಬೇತಿ, ನಾಲ್ಕು ತಿಂಗಳು. ಕೇಕು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಮೇಲಿದ್ದ ಟೀಚರು ಫೆಲ್ಸಿ ಕಿನ್ನಿಗೋಳಿಯವರು, ಮೂವತ್ತು ವರ್ಷ ನರ್ಸ್ ಆಗಿ ನಿವೃತ್ತರಾದವರು. ‘ಇದು ನರ್ಸ್ ಕೆಲಸ ಅಲ್ಲ ಆಯ್ತಾ. ಮೈ ಒರೆಸುದು, ಊಟ ಮಾಡಿಸುದು, ಬೆಡ್‌ಪ್ಯಾನ್ ಇಡುದು. ಮನಸ್ಸುಂಟಾ?’ ಎಂದು ಮೊದಲೇ ಕೇಳಿದರು. ಉಷಾಲತಾ ‘ಉಂಟು’ ಎಂದಳು. ಎಷ್ಟು ಉಂಟು ಎಂದು ಹೇಳಲು ಹೋಗಲಿಲ್ಲ.

ಮನೆಯಲ್ಲಿ ದೊಡ್ಡ ರಂಪವೇನೂ ಆಗಲಿಲ್ಲ. ಪ್ರೇಮನಾಥರು ಹಿದ್‌ನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಮ್ಯಾನೇಜರು. ಕೆಟ್ಟವರಲ್ಲ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದೆಂದು ಗೊತ್ತಿಲ್ಲ, ಅಷ್ಟೆ. ‘ಎಂತದು ಮಾರಾಯ್ತಿ, ಈ ಪ್ರಾಯದಲ್ಲಿ ಕಂಡವರ ಬೆಡ್‌ಪ್ಯಾನ್ ಹಿಡಿಲಿಕ್ಕೆ ಹೋಗುದಾ? ಸಂಘದಲ್ಲಿ ಯಾರಾದ್ರೂ ಕೇಳಿದ್ರೆ ನಾನೆಂತ ಹೇಳುದು?’

‘ಬೆಡ್‌ಪ್ಯಾನ್ ಹಿಡಿಲಿಕ್ಕೆ ಹೋಗಿದ್ದಾಳೆ ಅಂತ ಹೇಳಿ.’

ಪ್ರೇಮನಾಥರು ಹೆಂಡತಿಯ ಮುಖ ನೋಡಿದರು. ಅತ್ತೆ ಹೋದ ಮೇಲೆ ಈಕೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ಮಾಹೂಝಿನಿಂದ ಅದ್ಲಿಯಾಕ್ಕೆ ಅವಳು ನಡೆದೇ ಹೋಗುತ್ತಿದ್ದಳು. ಕೆಫೆಗಳ ಮುಂದೆ ಹುಡುಗರು ನೆಲ ತೊಳೆಯುತ್ತಿದ್ದರು, ಕುರ್ಚಿಗಳು ಇನ್ನೂ ಮೇಜಿನ ಮೇಲೆ ತಲೆಕೆಳಗಾಗಿರುತ್ತಿದ್ದವು. ತರಗತಿಯಲ್ಲಿ ಹನ್ನೊಂದು ಮಂದಿ, ಎಲ್ಲರಿಗಿಂತ ದೊಡ್ಡವಳು ಇವಳೇ. ರಬ್ಬರಿನ ಬೊಂಬೆಯನ್ನು ಮಲಗಿಸಿ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಮೈ ಕೆಳಗಿನ ಹಾಸಿಗೆ ಬಟ್ಟೆ ಬದಲಿಸುವುದು, ಎಲ್ಲ ಅವಳಿಗೆ ಬೇಗ ಕೈಗೆ ಹತ್ತಿತು. ಆದರೆ ಪ್ರತಿ ಕೆಲಸಕ್ಕೂ ಮೊದಲು ಒಂದು ಶಾಸ್ತ್ರವಿತ್ತು. ನಿಮ್ಮ ಹೆಸರು ಹೇಳಿ, ರೋಗಿಯ ಹೆಸರು ಕೇಳಿ, ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ಮೇಲೆ ಬರೆದದ್ದು ಅದೇ ಹೌದೋ ನೋಡಿ, ಆಮೇಲೆ ಮುಟ್ಟಿ.

‘ಇದೊಂದು ತಪ್ಪಿದ್ರೆ ಉಳಿದದ್ದು ಎಷ್ಟು ಚೆಂದ ಮಾಡಿದ್ರೂ ಫೇಲ್’ ಎಂದು ಫೆಲ್ಸಿ ಟೀಚರು ದಿನಕ್ಕೊಮ್ಮೆ ಹೇಳುತ್ತಿದ್ದರು. ಬೊಂಬೆಯ ಹೆಸರು ಕೇಳಲು ಉಷಾಲತಾಳಿಗೆ ಯಾವ ತೊಂದರೆಯೂ ಇರಲಿಲ್ಲ.

ಮೂರನೆಯ ತಿಂಗಳು ಮುಹರ್ರಕ್‌ನ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಅವರನ್ನು ಕಳಿಸಿದರು. ಹಿದ್‌ಗೆ ಹೋಗುವ ದಾರಿಯಾದ್ದರಿಂದ ಪ್ರೇಮನಾಥರು ಸೇತುವೆ ದಾಟಿಸಿ ಗೇಟಿನ ಮುಂದೆ ಇಳಿಸಿ ಹೋಗುತ್ತಿದ್ದರು. ಅವಳ ಪಾಲಿಗೆ ಬಂದ ಕೋಣೆಯಲ್ಲಿ ಇಬ್ಬರು ಬಹರೈನಿ ಅಜ್ಜಿಯರಿದ್ದರು. ಕಿಟಕಿಯ ಪಕ್ಕ ಒಬ್ಬರು, ಬಾಗಿಲ ಪಕ್ಕ ಒಬ್ಬರು. ಇಬ್ಬರಿಗೂ ಒಂದೇ ಬಗೆಯ ಬಿಳಿ ತಲೆವಸ್ತ್ರ, ಅಂಗೈಯಲ್ಲಿ ಮಾಸಿದ ಮದರಂಗಿ. ಉಷಾಲತಾ ಇಬ್ಬರನ್ನೂ ‘ಯುಮ್ಮಾ’ ಎಂದು ಕರೆದಳು. ಇಲ್ಲಿಯವರು ಅಮ್ಮನಿಗೆ ಹೇಳುವ ಮಾತು ಅದು. ಅದಕ್ಕಿಂತ ಹೆಚ್ಚಿನ ಗುರುತು ಬೇಕೆಂದು ಅವಳಿಗೆ ತೋಚಲಿಲ್ಲ.

ಮೊದಲ ಪರೀಕ್ಷೆಯ ದಿನ ಕಿಟಕಿಯ ಪಕ್ಕದ ಅಜ್ಜಿಯ ಮೈ ಒರೆಸಿ ಬಟ್ಟೆ ಬದಲಿಸಬೇಕಿತ್ತು. ಫೆಲ್ಸಿ ಟೀಚರು ಪಟ್ಟಿ ಹಿಡಿದು ಮೂಲೆಯಲ್ಲಿ ನಿಂತರು. ಉಷಾಲತಾ ಕೈ ತೊಳೆದಳು, ಮಂಚದ ಬಳಿ ಬಂದಳು, ಹೆಸರು ಕೇಳಬೇಕು. ಅಜ್ಜಿ ಅವಳನ್ನೇ ನೋಡುತ್ತಿದ್ದರು. ಎಂಬತ್ತು ದಾಟಿದ, ತಾಯಿಯಂಥ ಹೆಂಗಸಿನ ಎದುರು ನಿಂತು ನಿನ್ನ ಹೆಸರೇನು ಎಂದು ಪೊಲೀಸರ ಹಾಗೆ ಕೇಳುವುದೆಂದರೇನು? ನಾಲಗೆ ಏಳಲೇ ಇಲ್ಲ. ‘ಯುಮ್ಮಾ’ ಎಂದು ನಕ್ಕು, ಹೊದಿಕೆ ಸರಿಸಿ, ಕೆಲಸಕ್ಕೆ ತೊಡಗಿಯೇ ಬಿಟ್ಟಳು. ಬಿಸಿನೀರಿನ ಹದ ನೋಡಿ, ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ಬಲಗಾಲಿಗೆ ಬರುವಾಗ ಅಲ್ಲೊಂದು ಬ್ಯಾಂಡೇಜು ಇತ್ತು. ಅದರ ಅಂಚು ಒದ್ದೆಯಾಯಿತು.

ಫೆಲ್ಸಿ ಟೀಚರು ಅಷ್ಟಕ್ಕೇ ತಡೆದರು. ‘ಸಾಕು. ಇವರು ಯಾರು?’

‘ಕಿಟಕಿ ಹತ್ತಿರದ ಅಮ್ಮ.’

‘ಕಿಟಕಿ ಹತ್ತಿರದ ಅಮ್ಮನಿಗೆ ಏಸಿ ಗಾಳಿಯಿಂದ ಶೀತ ಆಗಿ, ಬೆಳಿಗ್ಗೆ ಇಬ್ಬರ ಬೆಡ್ಡೂ ಅದಲುಬದಲು ಮಾಡಿದ್ದಾರೆ. ಇವರು ಬದ್ರಿಯಾ. ಕಾಲಿನ ಗಾಯಕ್ಕೆ ಒಂದು ವಾರ ನೀರು ತಾಗಿಸ್ಲಿಕ್ಕೆ ಇಲ್ಲ. ಇಬ್ಬರು ಅಜ್ಜಿಯರು ನಿಮಗೆ ಒಂದೇ ಆದ್ರಲ್ಲ ಉಷಾಲತಾ!’

ನರ್ಸ್ ಬಂದು ಬದ್ರಿಯಾ ಅಜ್ಜಿಯ ಬ್ಯಾಂಡೇಜು ಬಿಚ್ಚಿ ಹೊಸತು ಕಟ್ಟಿದಳು. ಗಾಯಕ್ಕೆ ಏನೂ ಆಗಿರಲಿಲ್ಲ, ಪುಣ್ಯ. ಉಷಾಲತಾ ಕಾರಿಡಾರಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಟೀಚರು ನೀರಿನ ಬಾಟಲಿ ಕೊಟ್ಟರು. ‘ಹೆಸರು ಕೇಳ್ಲಿಕ್ಕೆ ಎಂತ ಕಷ್ಟ ನಿಮಗೆ?’

‘ದೊಡ್ಡವರ ಹೆಸರು ಹೇಗೆ ಕೇಳುದು ಟೀಚರ್? ನಮ್ಮಲ್ಲಿ ಅದು ಮರ್ಯಾದೆ ಅಲ್ಲ.’

‘ನಮ್ಮಲ್ಲಿಯೂ ಅಲ್ಲ. ನಾನೂ ಅಲ್ಲಿಂದಲೇ ಬಂದವಳು’ ಎಂದು ಟೀಚರು ಬೆಂಚಿನ ಮೇಲೆ ಕುಳಿತರು. ‘ನೋಡಿ, ಇಲ್ಲಿಗೆ ಬಂದ ಮೇಲೆ ಇವರ ಮನೆ ಇಲ್ಲ, ಬಟ್ಟೆ ಇವರದ್ದಲ್ಲ, ಊಟದ ಹೊತ್ತೂ ಇವರ ಇಷ್ಟದ್ದಲ್ಲ. ಹೆಸರೊಂದು ಉಳಿದಿದೆ. ಅದನ್ನೂ ನಾವು ಕೇಳದಿದ್ರೆ ಅದಕ್ಕಿಂತ ದೊಡ್ಡ ಅವಮರ್ಯಾದೆ ಎಂತ ಉಂಟು? ಇನ್ನು ಹದಿನೈದು ದಿನಕ್ಕೆ ಇನ್ನೊಂದು ಅವಕಾಶ. ಅದರಲ್ಲೂ ಹೋದ್ರೆ ನನ್ನ ಕೈಯಲ್ಲಿ ಇಲ್ಲ.’

ಆ ಹದಿನೈದು ದಿನ ಉಷಾಲತಾ ಹೆಸರು ಕೇಳುವುದನ್ನೇ ಅಭ್ಯಾಸ ಮಾಡಿದಳು. ವಾಚ್‌ಮನ್‌ನನ್ನು ಕೇಳಿದಳು. ಅವನು ಫವಾಝ್. ಹನ್ನೆರಡು ವರ್ಷದಿಂದ ಅವನ ಕೈಯಲ್ಲಿ ಸಿಲಿಂಡರು ಹೊರಿಸಿದ್ದಳು, ಹೆಸರು ತಿಳಿದದ್ದು ಈಗ. ಕೋಲ್ಡ್ ಸ್ಟೋರಿನವನು ಜಾರ್ಜ್. ‘ಎಂತ ಚೇಚಿ, ಸೆನ್ಸಸ್ಸಾ?’ ಎಂದು ಅವನು ನಕ್ಕ. ಒಂದು ಸಂಜೆ ಗಂಡನ ಎದುರು ಚಹಾ ಇಟ್ಟು, ಉಸಿರು ಬಿಗಿಹಿಡಿದು ‘ಪ್ರೇಮನಾಥ’ ಎಂದುಬಿಟ್ಟಳು. ಪ್ರೇಮನಾಥರು ಬೇರೆ ಯಾರಾದರೂ ಬಂದರೋ ಎಂದು ಹಿಂದೆ ತಿರುಗಿ ನೋಡಿದರು. ಅನ್ವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಷಾಲತಾಳೂ ನಕ್ಕಳು. ನಗುತ್ತಿದ್ದ ಹಾಗೆಯೇ ಅಮ್ಮನನ್ನು ನೋಡಿಕೊಂಡ ಆ ಹೆಂಗಸಿನ ಹೆಸರೇನಿರಬಹುದು ಎಂಬ ಯೋಚನೆ ಬಂದು ನಗು ನಿಂತಿತು. ಊರಿನ ಮನೆಯಲ್ಲಿ ಎಲ್ಲರಿಗೂ ಅವಳು ಹೋಮ್ ನರ್ಸ್. ತನ್ನ ಹೆಸರಿಗೆ ಓಗೊಟ್ಟಳೆಂದು ಉಷಾಲತಾ ಅವಳ ಮೇಲೆ ಕೆಂಡ ಕಾರಿದ್ದಳು. ಅವಳ ಹೆಸರನ್ನು ಮಾತ್ರ ಕೇಳಿರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಬಾಗಿಲ ಪಕ್ಕದ ಅಜ್ಜಿಯ ಸರದಿ. ಅವರಿಗೆ ಮರೆವಿನ ಕಾಯಿಲೆ. ಕೇಂದ್ರದಲ್ಲಿ ಎಲ್ಲರೂ ಅವರನ್ನು ‘ಉಮ್ ಯೂಸುಫ್’, ಯೂಸುಫನ ತಾಯಿ, ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಹೀಗೆಯೇ ಎಂದು ಉಷಾಲತಾಳಿಗೆ ಆ ದಿನ ಹೊಳೆಯಿತು. ಇವರು ಯೂಸುಫನ ತಾಯಿ, ತಾನು ಅನ್ವಿತಾಳ ಮಮ್ಮಿ. ಅವಳು ಮಂಚದ ಪಕ್ಕ ಮಂಡಿಯೂರಿ, ಅಜ್ಜಿಯ ಕಣ್ಣಿನ ಮಟ್ಟಕ್ಕೆ ಮುಖ ತಂದಳು. ತನ್ನ ಎದೆಯ ಮೇಲೆ ಕೈಯಿಟ್ಟು ‘ಉಷಾಲತಾ’ ಎಂದಳು. ಆಮೇಲೆ ಅಜ್ಜಿಯ ಕೈ ಹಿಡಿದು, ಕಲಿತ ಅರಬ್ಬಿಯಲ್ಲಿ ಕೇಳಿದಳು, ‘ಶಿಸ್ಮಿಚ್, ಯುಮ್ಮಾ?’

ನಿನ್ನ ಹೆಸರೇನಮ್ಮ ಎಂದು ಅದರ ಅರ್ಥ. ಅಜ್ಜಿ ಬಹಳ ಹೊತ್ತು ಛಾವಣಿ ನೋಡಿದರು. ಉಷಾಲತಾ ಕಾದಳು. ಕಾಯಬೇಕೆಂದು ಟೀಚರು ಹೇಳಿಕೊಟ್ಟಿದ್ದರು.

‘ಅಫೀಫಾ’ ಎಂದರು ಅಜ್ಜಿ. ಹೇಳಿದ ಮೇಲೆ ತಾವೇ ನಕ್ಕರು.

ಕೈಪಟ್ಟಿಯಲ್ಲಿಯೂ ಅದೇ ಇತ್ತು. ಉಷಾಲತಾ ಆ ಹೆಸರನ್ನು ಗಟ್ಟಿಯಾಗಿ ಹೇಳಿ, ಕೆಲಸ ಶುರು ಮಾಡಿದಳು. ಮುಖ, ಕೊರಳು, ತೋಳುಗಳಾದವು. ಬೆನ್ನು ಒರೆಸಲು ಮೆಲ್ಲಗೆ ಮಗ್ಗುಲು ತಿರುಗಿಸಿದಾಗ ಅಜ್ಜಿಗೆ ಅವಳ ಮುಖ ಕಾಣಿಸದಂತಾಯಿತು. ‘ನೂರಾ’ ಎಂದು ಕರೆದರು. ನೂರಾ ಎಂದರೆ ಕುವೈತಿನಲ್ಲಿರುವ ಮಗಳು. ಈದ್‌ಗೆ ಬಂದು ಹೋಗುತ್ತಾಳೆ. ‘ನೂರಾ’ ಎಂದು ಅಜ್ಜಿ ಮತ್ತೆ ಕರೆದರು. ಈ ಸಲ ದನಿಯಲ್ಲಿ ಹೆದರಿಕೆಯಿತ್ತು. ಬೆನ್ನಿನ ತೆಳು ಚರ್ಮ ಉಷಾಲತಾಳ ಅಂಗೈ ಕೆಳಗೆ ನಡುಗಿತು.

ಅವಳ ಕೈ ನಿಂತಿತು. ಎಲ್ಲೋ ಕುವೈತಿನಲ್ಲಿ ಒಬ್ಬ ಹೆಂಗಸು ಅಡುಗೆ ಮಾಡುತ್ತಲೋ ಆಫೀಸಿನಲ್ಲೋ ಇದ್ದಾಳೆ. ತನ್ನ ಹೆಸರಿಗೆ ಬೇರೆ ಯಾರೋ ಓಗೊಟ್ಟರೆಂದು ತಿಳಿದರೆ ಅವಳಿಗೂ ಹೊಟ್ಟೆ ಉರಿದೀತು. ಉರಿಯಲಿ. ಆದರೆ ಈ ಬೆನ್ನು ಈಗ ನಡುಗುತ್ತಿದೆ. ಉಷಾಲತಾಳಿಗೆ ಅರಬ್ಬಿ ನೆನಪಾಗಲಿಲ್ಲ, ಇಂಗ್ಲಿಷೂ ಇಲ್ಲ. ‘ಓ’ ಎಂದಳು. ‘ಓ, ಇಲ್ಲೇ ಇದ್ದೇನೆ.’

ಅಜ್ಜಿಯ ಮೈ ಸಡಿಲವಾಯಿತು. ಉಷಾಲತಾ ಬೆನ್ನು ಒರೆಸಿ, ಒಣಬಟ್ಟೆಯಿಂದ ಒತ್ತಿ, ಹೊಸ ಅಂಗಿ ತೊಡಿಸಿದಳು. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೊರಗೆ ಬಂದ ಮೇಲೆ ಫೆಲ್ಸಿ ಟೀಚರು ಪಟ್ಟಿಗೆ ಸಹಿ ಹಾಕಿದರು. ‘ನಿಮ್ಮ ಹೆಸರು ಹೇಳಿದ್ದೀರಿ, ಅವರ ಹೆಸರು ಕೇಳಿದ್ದೀರಿ, ಕೈಪಟ್ಟಿ ನೋಡಿದ್ದೀರಿ. ಆಮೇಲೆ ಓ ಅಂದದ್ದಕ್ಕೆ ಇದರಲ್ಲಿ ಗೆರೆಯೇ ಇಲ್ಲ, ಮಾರ್ಕ್ ಕೊಡ್ಲಿಕ್ಕೂ ಆಗುದಿಲ್ಲ, ಕಡಿಲಿಕ್ಕೂ ಆಗುದಿಲ್ಲ. ಪಾಸ್.’

ಉಷಾಲತಾ ನಗಲಿಲ್ಲ. ‘ಟೀಚರ್, ಓ ಅನ್ನದಿದ್ರೆ ಎಂತ ಆಗ್ತದೆ?’

‘ಎಂತ ಆಗ್ತದೆ? ಕರೀತಾ ಇರ್ತಾರೆ. ಎರಡು ದಿನ, ಮೂರು ದಿನ. ಆಮೇಲೆ ಕರೆಯುದು ಬಿಡ್ತಾರೆ’ ಎಂದ ಟೀಚರು ಮುಂದಿನವಳನ್ನು ಕರೆದುಕೊಂಡು ಒಳಗೆ ಹೋದರು. ಉಷಾಲತಾ ಯಾರನ್ನು ನೆನೆದು ಕೇಳಿದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಪ್ರೇಮನಾಥರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಉಷಾಲತಾ ಪಾರ್ಕಿಂಗಿನ ತಗಡಿನ ನೆರಳಲ್ಲಿ ನಿಂತು ಊರಿಗೆ ಫೋನು ಹಚ್ಚಿದಳು. ಪಾಸಾದ ಸುದ್ದಿ ಹೇಳಲಿಲ್ಲ. ‘ಅತ್ತಿಗೆ, ಅಮ್ಮನನ್ನು ನೋಡ್ಕೊಂಡವಳ ಹೆಸರೆಂತ?’

‘ಯಾರು, ಹೋಮ್ ನರ್ಸಾ?’ ಹಂಸಾ ಯೋಚಿಸಿದಳು. ‘ಅಯ್ಯೋ, ಹೆಸರು... ಹೇಳಿದ್ಲು ಒಮ್ಮೆ. ನಾವು ಹೋಮ್ ನರ್ಸ್ ಅಂತಲೇ ಹೇಳ್ತಿದ್ದದ್ದು. ನಂಬರ್ ಉಂಟು, ಅದೂ ಹೋಮ್ ನರ್ಸ್ ಅಂತಲೇ ಸೇವ್ ಮಾಡಿದ್ದು. ಕಳಿಸ್ತೇನೆ.’

ಆ ನಂಬರಿಗೆ ಮೂರು ಸಲ ರಿಂಗಾಯಿತು. ನಾಲ್ಕನೆಯದಕ್ಕೆ ಆ ಕಡೆಯಿಂದ ‘ಹಲೋ, ಯಾರು?’ ಎಂಬ ದನಿ ಬಂತು. ಉಷಾಲತಾಳಿಗೆ ಆ ದನಿಯ ಗುರುತು ಹತ್ತಿತು.

‘ನಾನು ಬಹರೈನಿನಿಂದ ಮಾತಾಡುದು. ನನ್ನ ಹೆಸರು ಉಷಾಲತಾ. ನಿಮ್ಮ ಹೆಸರು?’

‘ಪಂಕಜಾಕ್ಷಿ. ಸುಳ್ಯದವಳು.’ ಆಮೇಲೆ ಮೆಲ್ಲಗೆ, ‘ಕಾಪುವಿನ ಅಮ್ಮನ ಮಗಳಾ?’

‘ಹೌದು. ಪಂಕಜಾಕ್ಷಿ ಅವರೇ, ಒಂದು ಕೇಳ್ಬೇಕಿತ್ತು. ಓ ಅನ್ಬೇಡಿ ಅಂತ ನಾನೇ ಹೇಳಿಸಿದ್ದು. ಆಮೇಲೆ ಅಮ್ಮ ಕರೆದ್ರಾ? ನೀವು...’

‘ಅಣ್ಣ ಹೇಳಿದ್ರು ಅಕ್ಕ. ನನಗೆ ಬೇಸರ ಆಗಿತ್ತು, ಸುಳ್ಳು ಯಾಕೆ ಹೇಳುದು. ಅಣ್ಣ ಎದುರಿಗೆ ಇರುವಾಗ ನಾನು ಸುಮ್ಮನಿರ್ತಿದ್ದೆ. ಅವರು ಆಚೆ ಹೋದ ಕೂಡ್ಲೆ ಓ ಅಂತಿದ್ದೆ. ಅಷ್ಟು ಕರೆಯುವಾಗ ಹೇಗೆ ಸುಮ್ಮನೆ ಕೂತ್ಕೊಳ್ಳುದು ಹೇಳಿ? ಕೊನೆ ದಿನ ಬೆಳಿಗ್ಗೆಯೂ ಕರೆದ್ರು, ನಾನು ಓ ಅಂದೆ. ನೀವು ಬೈಯುದಾದ್ರೆ ಈಗ ಬೈದುಬಿಡಿ.’

ಉಷಾಲತಾ ಗೋಡೆಗೆ ಒರಗಿದಳು. ಬೈಯಲಿಲ್ಲ. ಗೇಟಿನ ಹೊರಗೆ ಪ್ರೇಮನಾಥರ ಕಾರು ಬಂದು ನಿಂತು ಒಂದು ಸಲ ಹಾರ್ನ್ ಹೊಡೆಯಿತು.

‘ಅಕ್ಕ, ಇದ್ದೀರಾ?’ ಎಂದಳು ಪಂಕಜಾಕ್ಷಿ. ‘ಆಮೇಲೆ ನಾನು ನಾಲ್ಕು ಮನೆಯಲ್ಲಿ ಇದ್ದೆ. ಅಮ್ಮ ಕರೆಯುವ ಹಾಗೆ ಯಾರೂ ಕರೆಯಲಿಲ್ಲ. ಮೊದಲು ಜೋರು, ಆಮೇಲೆ ಹತ್ತಿರ ಇದ್ದ ಹಾಗೆ.’ ಅವಳು ಫೋನಿನಲ್ಲಿ ಹಾಗೆಯೇ ಕರೆದು ತೋರಿಸಿದಳು. ‘ಉಷಾ! ಉಷಾ...’

‘ಓ’ ಎಂದಳು ಉಷಾಲತಾ.